ಉಂಟು, ಆದರೆ ಬರಲಿಲ್ಲ

ವಾರಿಜತ್ತಿಗೆ ಅಂದು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು — ಅದೂ ಒಂದು ನಿಜವಾದ ಮಾತನ್ನೇ ಹೇಳಿ.

ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಾಗಿತ್ತು. ಹಿಂದೆ ಬರೆಯಲು ಕುಳಿತಾಗಲೆಲ್ಲ, ಸಂದರ್ಭ ಹೀಗಿತ್ತು, ಕೆಲಸದ ಒತ್ತಡ ಹಾಗಿತ್ತು ಎಂದು ಸುತ್ತಿ ಬಳಸಿ ಬರುವಷ್ಟರಲ್ಲಿ ತಪ್ಪು ಬೇರೆ ಯಾರದೋ ಆಗಿಬಿಡುತ್ತಿತ್ತು. ಈ ಸಲ ಹಾಗಾಗಬಾರದು. ಆದರೂ ನನ್ನ ಸಂಶಯಗಳನ್ನು ನೀವು ಅಲ್ಲಲ್ಲಿ ಸಹಿಸಬೇಕು. ಕೆಲವು ಸಂಗತಿಗಳು ಹೀಗೇ ನಡೆದವೋ, ನಾನು ಆಮೇಲೆ ಹೀಗೆ ಜೋಡಿಸಿಕೊಂಡೆನೋ — ತಿಳಿಯದು. ತಿಳಿದಿರುವುದನ್ನು ಮಾತ್ರ ತಿಳಿದಿದೆ ಎಂದೇ ಬರೆಯುತ್ತೇನೆ.

ವಾರಿಜತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣ ಗಲ್ಫಿನಲ್ಲಿ, ಅತ್ತಿಗೆ ಕಾಟಿಪಳ್ಳದ ಮನೆಯಲ್ಲಿ, ನನ್ನ ತಾಯಿಯ ಜೊತೆ. ನಗರದ ಒಂದು ಖಾಸಗಿ ಆಸ್ಪತ್ರೆಯ ಮದ್ದಿನ ಕೌಂಟರಿನಲ್ಲಿ ಅವರು ಹಿರಿಯ ಫಾರ್ಮಸಿಸ್ಟ್ ಆಗಿದ್ದರು. ಬಾಯಿ ಜೋರು, ಕೈ ಇನ್ನೂ ಜೋರು. ಡಾಕ್ಟರರ ಕೋಳಿಕಾಲಿನ ಅಕ್ಷರ ಓದಲು ಉಳಿದವರೆಲ್ಲ ಅವರ ಬಳಿಗೇ ಚೀಟಿ ತರುತ್ತಿದ್ದರು. ನಾನು ಆಗ ಕುದ್ರೋಳಿಯಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಚೇರಿ ಇಟ್ಟುಕೊಂಡಿದ್ದೆ. ಆಸ್ಪತ್ರೆಯವರು ಮದ್ದಿನ ವಿಭಾಗಕ್ಕೆ ಹೊಸ ವ್ಯವಸ್ಥೆ ಹುಡುಕುತ್ತಿದ್ದಾಗ, "ನಮ್ಮ ಸತೀಶ ಮಾಡ್ತಾನೆ" ಎಂದು ಮುಂದೆ ನಿಂತು ಕೆಲಸ ಕೊಡಿಸಿದವರು ಅತ್ತಿಗೆಯೇ.

ಯಾವುದನ್ನೂ ಒಮ್ಮೆಗೇ ನಂಬದವನು ಎಂದು ಮನೆಯಲ್ಲಿ ನನಗೆ ಹೆಸರು. ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ಜೊತೆಗೆ ಒಂದಿಷ್ಟು ಮನಶ್ಶಾಸ್ತ್ರವನ್ನೂ ಓದಿದ್ದೆ; ಆಮೇಲೆ ಅದು ತಲೆಗೇರಿತು. ತಾಯಿ ಹಳೆಯ ಸುದ್ದಿ ಏನಾದರೂ ಹೇಳಿದರೆ, ನಿಮಗೆ ಹಾಗೆ ನೆನಪಿರುವುದು ಮಾತ್ರ, ಹಾಗೆ ನಡೆದಿರಬೇಕೆಂದಿಲ್ಲ ಎನ್ನುತ್ತಿದ್ದೆ. ಅತ್ತಿಗೆ ನಗುತ್ತಿದ್ದರು: "ಇವನ ಎದುರು ದೇವರು ಬಂದು ನಿಂತ್ರೂ ಇವ ಐಡಿ ಕಾರ್ಡ್ ಕೇಳ್ತಾನೆ, ಅತ್ತೆ. ನೀವು ಸುಮ್ಮನೆ ಬಾಯಿ ನೋಯಿಸಿಕೊಳ್ಬೇಡಿ."

ನಾನು ಮಾಡಿಕೊಟ್ಟ ವ್ಯವಸ್ಥೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿತ್ತು. ಸರ್ವರ್ ಎಂಬ ಒಂದು ಯಂತ್ರ ಒಳಗೆಲ್ಲೋ; ಕೌಂಟರಿನ ಕಂಪ್ಯೂಟರುಗಳಲ್ಲಿ ಬ್ರೌಸರ್ ತೆರೆದರೆ ಸರ್ವರಿನಿಂದ ಪುಟ ಬರುತ್ತದೆ. ರೋಗಿಯ ಸಂಖ್ಯೆ, ಮದ್ದಿನ ಹೆಸರು ಹಾಕಬೇಕು. ಆ ರೋಗಿಗೆ ಆ ಮದ್ದು ಆಗಿಬರುವುದಿಲ್ಲ ಎಂದು ಮೊದಲೇ ದಾಖಲಾಗಿದ್ದರೆ ಪರದೆಯ ನಡುವೆ ಒಂದು ಕೆಂಪು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಓಕೆ ಒತ್ತದೆ ಮುಂದೆ ಹೋಗುವ ಹಾಗಿಲ್ಲ. ಈ ಪೆಟ್ಟಿಗೆಯನ್ನು ಎಬ್ಬಿಸುವುದು ಒಂದು ಪುಟ್ಟ ಸ್ಕ್ರಿಪ್ಟ್ ಫೈಲು. ಪುಟದ ಜೊತೆ ಅದೂ ಬ್ರೌಸರಿಗೆ ಬಂದು ಸೇರಬೇಕು. ಬಾರದಿದ್ದರೆ — ಏನೂ ಆಗುವುದಿಲ್ಲ. ಅದೇ ಭಯಂಕರ. ಪುಟ ಎಂದಿನಂತೆಯೇ ಕಾಣುತ್ತದೆ, ಬಿಲ್ಲು ಎಂದಿನಂತೆಯೇ ಆಗುತ್ತದೆ. ಬಾರದೆ ಇರುವ ವಸ್ತುವಿಗೆ ಗುರುತು ಇಲ್ಲ. ಮದ್ದು ಆಗಿಬರುತ್ತದೋ ಇಲ್ಲವೋ ಎಂಬ ಪರೀಕ್ಷೆಯನ್ನು ಸರ್ವರಿನಲ್ಲೂ ಇನ್ನೊಮ್ಮೆ ಮಾಡಿಸಬೇಕಿತ್ತು, ಮಾಡಿಸಿರಲಿಲ್ಲ. ಒಂದೇ ಫೈಲಿನ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದೆ.

ಆ ವರ್ಷ ಆಸ್ಪತ್ರೆಯವರು ಸುರಕ್ಷತೆ ನೋಡಲೆಂದು ಹೊರಗಿನವರೊಬ್ಬರನ್ನು ಕರೆಸಿದ್ದರು. ಫೈಲುಗಳನ್ನೆಲ್ಲ ಹೊರಗೆ ಹರಡಿ ಇಟ್ಟಿದ್ದೀರಿ, ಒಳಗೆ ಹಾಕಿ ಎಂದರು ಅವರು. ಅವರು ಹೇಳಿದ್ದು ಪುಟಗಳ ಬಗ್ಗೆ ಇರಬೇಕು. ನಾನು ಅವಸರದಲ್ಲಿ ಪುಟಗಳ ಜೊತೆ ಸ್ಕ್ರಿಪ್ಟ್ ಫೈಲುಗಳ ಫೋಲ್ಡರನ್ನೂ ಎತ್ತಿ ವೆಬ್-ಇನ್ಫ್ ಎಂಬ ಫೋಲ್ಡರಿನೊಳಗೆ ಇಟ್ಟೆ. ಜಾವಾದ ವ್ಯವಸ್ಥೆಯಲ್ಲಿ ಅದು ದೇವಸ್ಥಾನದ ಗರ್ಭಗುಡಿಯ ಹಾಗೆ. ಸರ್ವರ್ ಒಳಗೆ ಹೋಗಬಹುದು, ಬ್ರೌಸರ್ ಹೊರಗೇ ನಿಲ್ಲಬೇಕು. ಪುಟಗಳನ್ನು ಸರ್ವರೇ ಒಳಗಿನಿಂದ ತಯಾರಿಸಿ ಕೊಡುತ್ತದೆ, ತೊಂದರೆ ಇಲ್ಲ. ಸ್ಕ್ರಿಪ್ಟ್ ಫೈಲನ್ನು ಬ್ರೌಸರೇ ಬಂದು ಕೇಳಬೇಕು. ಅಲ್ಲಿ ಇಟ್ಟರೆ ಅದಕ್ಕೆ ಸಿಗುವುದಿಲ್ಲ. ಮೊದಲ ವರ್ಷದ ಪಾಠ ಇದು. ನನಗೆ ಗೊತ್ತಿತ್ತು. ಗೊತ್ತಿದ್ದೂ —

ಬದಲಾಯಿಸಿದ ಮೇಲೆ ನನ್ನ ಕಂಪ್ಯೂಟರಿನಲ್ಲಿ ನೋಡಿದೆ. ಕೆಂಪು ಪೆಟ್ಟಿಗೆ ಬಂತು. ಆಸ್ಪತ್ರೆಯ ಹಳೆಯ ಕೌಂಟರಿನಲ್ಲೂ ಬಂತು. ಕಾರಣ, ಬ್ರೌಸರುಗಳಿಗೂ ಒಂದು ನೆನಪು ಇದೆ. ಒಮ್ಮೆ ತಂದ ಫೈಲನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಪುಟ ಬೇಗ ತೆರೆಯಲಿ ಎಂದು, ಅದನ್ನು ಬಹುಕಾಲ ಇಟ್ಟುಕೊಳ್ಳುವಂತೆ ಸೂಚಿಸಿದ್ದವನೂ ನಾನೇ. ಹಾಗಾಗಿ ಹಳೆಯ ಯಂತ್ರಗಳೆಲ್ಲ ತಮ್ಮ ಬಳಿಯಿದ್ದ ಹಳೆಯ ಪ್ರತಿಯನ್ನೇ ಬಳಸಿ, ಎಲ್ಲ ಸರಿಯಿದೆ ಎಂದು ತೋರಿಸುತ್ತಿದ್ದವು. ಆ ಫೈಲನ್ನು ಹಿಂದೆಂದೂ ಕಾಣದ ಹೊಸ ಯಂತ್ರಕ್ಕೆ ಮಾತ್ರ ಅದು ಸಿಗುತ್ತಿರಲಿಲ್ಲ. ಅಂಥ ಯಂತ್ರ ಇಡೀ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ. ಎಮರ್ಜೆನ್ಸಿ ಗೇಟಿನ ಪಕ್ಕ ಆಗತಾನೇ ತೆರೆದಿದ್ದ ಹೊಸ ಕೌಂಟರಿನದ್ದು. ಹಿರಿಯರು ಬೇಕು ಎಂದು ಅಲ್ಲಿ ಕೂರಿಸಿದ್ದು ವಾರಿಜತ್ತಿಗೆಯನ್ನು.

ಒಂದು ಮಧ್ಯಾಹ್ನ ಅಲ್ಲಿಂದ ಮದ್ದು ಕೊಂಡುಹೋದ ಹೆಂಗಸೊಬ್ಬರು ಬಸ್‌ಸ್ಟಾಪಿನಲ್ಲಿ ನಿಂತು ಗುಳಿಗೆ ನುಂಗಿದರು. ಬಸ್ಸು ಬರುವ ಮೊದಲೇ ತುಟಿ, ನಾಲಗೆ ಊದಿಕೊಂಡು ಕುಸಿದರು. ಆಸ್ಪತ್ರೆ ಎದುರಿಗೇ ಇದ್ದದ್ದರಿಂದ ಬದುಕಿ ಉಳಿದರು. ಬದುಕಿದರು ಎಂದು ಬರೆಯುವಾಗ ನನ್ನ ಕೈ ಒಂದಿಷ್ಟು ಹಗುರಾಗುತ್ತದೆ. ಆ ಹಗುರವೂ ನನಗೆ ಸಲ್ಲತಕ್ಕದ್ದಲ್ಲ. ಅವರಿಗೆ ಆ ಮದ್ದು ಆಗದು ಎಂಬುದು ವ್ಯವಸ್ಥೆಯಲ್ಲಿ ಸ್ಪಷ್ಟವಾಗಿ ದಾಖಲಾಗಿತ್ತು. ಆ ಕೌಂಟರಿನಿಂದ ಅದಕ್ಕೂ ಮೊದಲು ಮದ್ದು ಕೊಂಡುಹೋದವರಲ್ಲಿ ಇನ್ನು ಯಾರಿಗೆ ಏನಾಯಿತು — ನಾನು ಎಂದೂ ವಿಚಾರಿಸಲಿಲ್ಲ.

ಮರುದಿನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ವಿಚಾರಣೆ. ಹಿರಿಯ ಡಾಕ್ಟರರು, ನಮ್ಮ ಕಡೆಯವರೇ, ಮೆಲುದನಿಯವರು. ಅತ್ತಿಗೆ ಬಿಳಿ ಕೋಟು ಹಾಕಿಕೊಂಡೇ ಬಂದಿದ್ದರು. ಮನೆಯಲ್ಲಿ ನಾವು ಆಡುವುದು ತುಳು. ಅಲ್ಲಿ ಎಲ್ಲರೂ ಕನ್ನಡದಲ್ಲಿ ಮಾತನಾಡಿದೆವು. ಅದರಿಂದಲೇ ಏನೋ ಅತ್ತಿಗೆ ಯಾರೋ ಪರಿಚಯದವರು ಮಾತ್ರ ಎಂಬಂತೆ ಆಗಿತ್ತು.

"ಪೆಟ್ಟಿಗೆ ಬರಲಿಲ್ಲ, ಸರ್" ಎಂದರು ಅವರು. "ಬಂದಿದ್ರೆ ನಾನು ಕೊಡ್ತಿರಲಿಲ್ಲ. ಬರಲೇ ಇಲ್ಲ."

ಡಾಕ್ಟರರು ನನ್ನ ಕಡೆ ತಿರುಗಿದರು. "ಆ ವಾರ್ನಿಂಗಿನ ಎಂತದೋ ಸ್ಕ್ರಿಪ್ಟ್ ಅಂತ ಹೇಳ್ತೀರಲ್ಲ, ಅದು ಸಿಸ್ಟಮಿನಲ್ಲಿ ಉಂಟಾ ಇಲ್ವಾ?"

ನಾನು, "ಉಂಟು" ಎಂದೆ.

ಉಂಟು. ನಿಜವೇ. ಫೈಲು ಸರ್ವರಿನಲ್ಲಿತ್ತು, ಎಲ್ಲಿಗೂ ಹೋಗಿರಲಿಲ್ಲ. ಅವರು ಕೇಳಿದ್ದು ಉಂಟಾ ಎಂದು. ಬರುತ್ತದಾ ಎಂದು ಕೇಳಲಿಲ್ಲ. ಅತ್ತಿಗೆ ಬರಲಿಲ್ಲ ಎಂದರು, ನಾನು ಉಂಟು ಎಂದೆ. ಎರಡೂ ಒಟ್ಟಿಗೆ ನಿಜವಾಗಿರಬಹುದಾದ ಮಾತುಗಳು. ಆದರೆ ಆ ಕೋಣೆಯಲ್ಲಿದ್ದವರ ಕಿವಿಗೆ ಒಂದು ಇನ್ನೊಂದನ್ನು ಸುಳ್ಳು ಮಾಡಿತು. ಹಾಗೆ ಮಾಡುತ್ತದೆ ಎಂದು ನನಗೆ ಆ ಕ್ಷಣದಲ್ಲೇ ತಿಳಿದಿತ್ತು. ಇಷ್ಟು ಖಚಿತ.

"ತೋರಿಸ್ಲಿಕ್ಕೆ ಆಗ್ತದಾ?" ಎಂದರು ಡಾಕ್ಟರರು.

"ಆಗ್ತದೆ ಸರ್. ಹಳೇ ಕೌಂಟರಿನಲ್ಲೇ ನೋಡುವ."

ಎಲ್ಲರೂ ಇಳಿದು ಹಳೆಯ ಕೌಂಟರಿಗೆ ಹೋದೆವು. ಅದೇ ರೋಗಿಯ ಸಂಖ್ಯೆ ಹಾಕಿದೆ, ಅದೇ ಮದ್ದು ಹಾಕಿದೆ. ಕೆಂಪು ಪೆಟ್ಟಿಗೆ ಎದ್ದು ನಿಂತಿತು. ಅತ್ತಿಗೆ ಅದನ್ನೇ ನೋಡುತ್ತಾ ನಿಂತರು. "ಅಲ್ಲ, ಆದ್ರೆ ನನ್ನದರಲ್ಲಿ..." ಎಂದು ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿದೆ. ನಾನು ಮಾಡಿದ ನಿಜವಾದ ಪಾಪ ಇಲ್ಲಿದೆ. ಉಂಟು ಎಂದದ್ದು ಇದರ ಮುಂದೆ ಸಣ್ಣದು. ನಾನು ಬಹಳ ಮೃದುವಾಗಿ, ತಿಳಿದವನ ಧ್ವನಿಯಲ್ಲಿ ಹೇಳಿದೆ: ದಿನಕ್ಕೆ ಎಷ್ಟೋ ಸಲ ಬರುವ ಪೆಟ್ಟಿಗೆ ಇದು, ಕೈ ತನ್ನಷ್ಟಕ್ಕೇ ಓಕೆ ಒತ್ತಿಬಿಡುತ್ತದೆ, ಮನಸ್ಸಿಗೆ ಗೊತ್ತೂ ಆಗುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಬರಲಿಲ್ಲ ಎಂದೇ ಅವರಿಗೆ ನೆನಪಿದೆ. ಆದರೆ ನೆನಪು ಎಂದರೆ ಫೋಟೋ ಅಲ್ಲ ಸರ್, ಅದು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು.

ಡಾಕ್ಟರರು ತಲೆಯಾಡಿಸಿದರು. ಮಾತು ಅವರಿಗೆ ಹಿಡಿಸಿತು — ಅತ್ತಿಗೆಯನ್ನು ಬಯ್ಯದೆಯೇ ತಪ್ಪನ್ನು ಅವರ ಮೇಲೆ ಹಾಕುವ ಮಾತಲ್ಲವೇ. ಅತ್ತಿಗೆ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದು ಅವರು ಎಣಿಸಿದ ಹಾಗಿತ್ತು.

ಆ ಸಂಜೆಯೇ ಹೊಸ ಕೌಂಟರನ್ನು ಮುಚ್ಚಿದರು. ನೀವಾಗಿಯೇ ಕೆಲಸ ಬಿಟ್ಟದ್ದು ಎಂದು ಬರೆದುಕೊಟ್ಟರೆ ಮುಂದಕ್ಕೆ ಒಳ್ಳೆಯದು ಎಂದು ಅತ್ತಿಗೆಗೆ ಹೇಳಿದರು. ಅವರು ಬರೆದುಕೊಟ್ಟರು. ನಾನು ಕುದ್ರೋಳಿಯ ಕೋಣೆಯಲ್ಲಿ ಕುಳಿತು ಸ್ಕ್ರಿಪ್ಟ್ ಫೈಲುಗಳನ್ನು ಮೊದಲಿನ ಜಾಗಕ್ಕೆ, ಬ್ರೌಸರಿಗೆ ಸಿಗುವ ಹೊರಗಿನ ಫೋಲ್ಡರಿಗೆ ತಂದಿಟ್ಟೆ. ಐದು ನಿಮಿಷದ ಕೆಲಸ. ಯಾರಿಗೂ ಹೇಳಲಿಲ್ಲ.

ಈಗ, ನನ್ನನ್ನು ಇಷ್ಟು ವರ್ಷ ಕೊರೆದ ಪ್ರಶ್ನೆ. ಹೊಸ ಯಂತ್ರಕ್ಕೆ ಫೈಲು ಸಿಗುತ್ತಿಲ್ಲ ಎಂಬುದು ನನಗೆ ತಿಳಿದದ್ದು ಯಾವಾಗ — ವಿಚಾರಣೆಗೆ ಮೊದಲೋ, ಆಮೇಲೋ?

ಆಮೇಲೆ ಎಂದೇ ನಾನು ನಂಬಿಕೊಂಡು ಬಂದವನು. ಉಂಟು ಎಂದದ್ದು ಬರಿಯ ಹೆದರಿಕೆಯಿಂದ, ಖಚಿತವಾಗಿ ಗೊತ್ತಾದದ್ದು ಆ ಸಂಜೆ. ಹೀಗೆ ಅಂದುಕೊಂಡರೆ ತಪ್ಪು ಒಂದಿಷ್ಟು ಸಣ್ಣದಾಗುತ್ತದೆ. ಆದರೆ ಇನ್ನೊಂದು ನೆನಪು ಇದೆ. ಹೊಸ ಕೌಂಟರಿನ ಕುರ್ಚಿ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ನಾನು ಅದರ ಮೇಲೆ ಕುಳಿತಿದ್ದೇನೆ, ಬೆವರಿಗೆ ಪ್ಯಾಂಟು ಪ್ಲಾಸ್ಟಿಕ್ಕಿಗೆ ಅಂಟಿದೆ, ಎದುರಿನ ಪರದೆಯ ಕೆಳಗಿನ ಅಂಚಿನಲ್ಲಿ, ನಮ್ಮಂಥವರು ಮಾತ್ರ ತೆರೆದು ನೋಡುವ ಕಿಟಕಿಯಲ್ಲಿ, ಫೈಲು ಸಿಗಲಿಲ್ಲ ಎಂಬ ಕೆಂಪು ಸಾಲು. ವಿಚಾರಣೆಯ ಸಂಜೆ ಆ ಕೌಂಟರಿಗೆ ಬೀಗ ಬಿತ್ತು. ನಾನು ಸರಿಪಡಿಸಿದ್ದು ಕುದ್ರೋಳಿಯಿಂದ. ಹಾಗಾದರೆ ನಾನು ಆ ಕುರ್ಚಿಯಲ್ಲಿ ಕುಳಿತದ್ದು ಯಾವಾಗ?

ಈ ಕುರ್ಚಿಯೂ ನನ್ನ ಮನಸ್ಸು ಆಮೇಲೆ ಕಟ್ಟಿದ್ದು ಇರಬಹುದು. ಪಶ್ಚಾತ್ತಾಪಪಡುವವನಿಗೆ ತನ್ನನ್ನು ಇನ್ನೂ ಕೆಟ್ಟವನಾಗಿ ಕಾಣುವ ಚಪಲವೂ ಇರುತ್ತದೆ. ಅದನ್ನೂ ಸಂಶಯಿಸುತ್ತೇನೆ. ಆದರೆ "ಹಳೇ ಕೌಂಟರಿನಲ್ಲೇ ನೋಡುವ" ಎಂದದ್ದನ್ನು ಸಂಶಯಿಸುವ ಹಾಗಿಲ್ಲ. ಅಲ್ಲಿ ಇದ್ದವರೆಲ್ಲ ಕೇಳಿದ್ದಾರೆ. ಘಟನೆ ನಡೆದದ್ದು ಹೊಸ ಕೌಂಟರಿನಲ್ಲಿ. ತೋರಿಸಬೇಕಾದದ್ದೂ ಅಲ್ಲಿಯೇ. ಅಲ್ಲಿಗೆ ಇನ್ನೂ ಬೀಗ ಬಿದ್ದಿರಲಿಲ್ಲ, ಅದು ಹತ್ತಿರವೂ ಇತ್ತು. ಏನೂ ಗೊತ್ತಿಲ್ಲದವನು ಹಳೆಯ ಕೌಂಟರನ್ನು ಯಾಕೆ ಆರಿಸುತ್ತಾನೆ?

ನನಗೆ ಗೊತ್ತಿತ್ತು. ಕುರ್ಚಿ ಇರಲಿ, ಇಲ್ಲದಿರಲಿ.

ಕೆಲವು ವರ್ಷಗಳ ಬಳಿಕ ಕಚೇರಿ ಮುಚ್ಚಿ ಕಾಲೇಜೊಂದಕ್ಕೆ ಪಾಠ ಮಾಡಲು ಸೇರಿದೆ. ಸ್ಕ್ರಿಪ್ಟ್ ಫೈಲುಗಳನ್ನು ಎಲ್ಲಿ ಇಡಬೇಕು ಎಂಬ ಪಾಠ ಪ್ರತಿ ವರ್ಷವೂ ಬರುತ್ತದೆ. ವೆಬ್-ಇನ್ಫಿನ ಹೊರಗೆ ಇಡಿ. ಫೈಲಿಗೆ ಹೋಗುವ ದಾರಿಯನ್ನು ಅಪ್ಲಿಕೇಶನಿನ ಬುಡದಿಂದಲೇ ಬರೆಯಿರಿ. ಬದಲಾಯಿಸಿದ ಮೇಲೆ, ಆ ಪುಟವನ್ನು ಎಂದೂ ಕಾಣದ ಬ್ರೌಸರಿನಲ್ಲಿ ತೆರೆದು ನೋಡಿ — ಬೋರ್ಡಿನ ಮೇಲೆ ಬರೆಯುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಕಳೆದ ತಿಂಗಳು ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೈಯೆತ್ತಿದಳು.

"ಸರ್, ಫೈಲ್ ಉಂಟು, ಆದ್ರೆ ಬರುದಿಲ್ಲ."

ಎಷ್ಟು ಸುಲಭವಾಗಿ ಹೇಳಿದಳು. ಅಂದು ಆ ಕೋಣೆಯಲ್ಲಿ ಆಡಬೇಕಾಗಿದ್ದ ವಾಕ್ಯ ಇಷ್ಟೇ. ನಾನು ಅದರ ಅರ್ಧ ಮಾತ್ರ ಆಡಿದ್ದೆ. ಅವಳ ಪಕ್ಕದಲ್ಲಿ ನಿಂತೆ, ಏನು ಹೇಳಿಕೊಟ್ಟೆ ಎಂದು ನೆನಪಿಲ್ಲ.

ಅದೇ ವಾರ ಅಣ್ಣ ಫೋನು ಮಾಡಿದ. "ವಾರಿಜಳನ್ನು ಒಮ್ಮೆ ಮರೆವಿನ ಡಾಕ್ಟರಿಗೆ ತೋರಿಸು ಮಾರಾಯ. ಅಮ್ಮ ಒಂದೇ ಸಮನೆ ಹೇಳ್ತಾ ಇದ್ದಾರೆ." ಹೌದು, ಅತ್ತಿಗೆ ಬದಲಾಗಿದ್ದರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ವಾಪಸು ಬರುವುದು. ತಾಯಿಗೆ ಮಾತ್ರೆ ಕೊಟ್ಟು, ಕೊಟ್ಟೆನಾ ಎಂದು ಅವರನ್ನೇ ಕೇಳುವುದು. ಹೊಸದಾಗಿ ಎಲ್ಲಿಯೂ ಕೆಲಸಕ್ಕೆ ಸೇರಲಿಲ್ಲ. ಮದ್ದಿನ ಹೆಸರು ಓದಲು ಹೆದರಿಕೆ ಎಂದರು. ಇದೆಲ್ಲ ಒಂದೇ ದಿನದಲ್ಲಿ ಆದದ್ದಲ್ಲ. ಮೆಲ್ಲ ಮೆಲ್ಲ, ನಾನು ತಿಂಡಿ ತಿನ್ನುತ್ತಾ ಎದುರಿಗೆ ಕುಳಿತಿದ್ದ ಹಾಗೆಯೇ ಆಯಿತು.

ಬಿಕರ್ನಕಟ್ಟೆಯ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಚಿಕ್ಕ ಪ್ರಾಯದವರು, ತಾಳ್ಮೆಯಿಂದ ಕೇಳಿದರು: "ಈ ಥರ ಮರೆತದ್ದು ಮೊದಲ ಸಲ ಯಾವಾಗ, ನೆನಪುಂಟಾ?"

"ಉಂಟು, ಡಾಕ್ಟ್ರೇ" ಎಂದರು ಅತ್ತಿಗೆ. "ಆಸ್ಪತ್ರೆಯಲ್ಲಿದ್ದಾಗ. ಒಬ್ರಿಗೆ ಆಗದ ಮದ್ದು ಕೊಟ್ಟೆ. ಕೆಂಪು ಪೆಟ್ಟಿಗೆ ಬಂದಿತ್ತು, ನಾನೇ ಓಕೆ ಒತ್ತಿದ್ದು. ಆಗ ಒಂಚೂರೂ ನೆನಪಿರಲಿಲ್ಲ ನೋಡಿ. ಈಗ ಸರಿಯಾಗಿ ನೆನಪಾಗ್ತದೆ."

ಡಾಕ್ಟರ್ ಅದನ್ನು ಬರೆದುಕೊಂಡರು. ಮರೆವು ಇಷ್ಟು ಹಿಂದೆಯೇ ಶುರುವಾಗಿದ್ದರೆ ಯೋಚಿಸಬೇಕಾದದ್ದು. ಸ್ಕ್ಯಾನ್ ಮಾಡಿಸಿ, ಮುಂದಿನ ಸಲ ಮದ್ದು ಶುರು ಮಾಡುವ ಎಂದರು. ನಾನು ಅತ್ತಿಗೆಯ ಪಕ್ಕದಲ್ಲೇ ಕುಳಿತಿದ್ದೆ. ಪೆಟ್ಟಿಗೆ ಬಂದಿರಲಿಲ್ಲ ಎಂದು ಈಗಲೂ ಹೇಳಲಿಲ್ಲ. ಎರಡನೆಯ ಸಲ.

ಹಿಂದಿನದಕ್ಕಿಂತ ಇದು ಕ್ರೂರವಾಗಿತ್ತು. ಇಲ್ಲದ ಮರೆವೊಂದನ್ನು ನಾನು ಅವರಿಗೆ ಕೊಟ್ಟಿದ್ದೆ. ಅವರು ಅದನ್ನು ನಂಬಿ, ತಮ್ಮ ತಲೆಯ ಮೇಲೆ ತಾವೇ ಕಾವಲು ಕುಳಿತು, ಕಾದು ಕಾದು ನಿಜವಾಗಿಯೂ ಮರೆಯತೊಡಗಿದ್ದರು. ಈಗ ಅದಕ್ಕೆ ಮದ್ದೂ ಬರುತ್ತಿತ್ತು.

ನಿನ್ನೆ ಕಾಟಿಪಳ್ಳಕ್ಕೆ ಹೋಗಿ ಹೇಳಿದೆ. ತಾಯಿ ಒಳಗೆ ಮಲಗಿದ್ದರು. ಅತ್ತಿಗೆ ಅಡುಗೆಮನೆಯ ನೆಲದಲ್ಲಿ ಕುಳಿತು ಬಸಳೆ ಸೋಸುತ್ತಿದ್ದರು. ಎಲ್ಲವನ್ನೂ ಹೇಳಿದೆ — ಫೋಲ್ಡರು, ಹಳೆಯ ಯಂತ್ರಗಳ ನೆನಪು, ಹೊಸ ಯಂತ್ರ, ಹಳೇ ಕೌಂಟರಿನಲ್ಲಿ ನೋಡುವ ಎಂದದ್ದು. ಪೆಟ್ಟಿಗೆ ಬರಲೇ ಇಲ್ಲ ಅತ್ತಿಗೆ, ನೀವು ಹೇಳಿದ್ದೇ ಸರಿ, ಬರುವ ಹಾಗೆಯೇ ಇರಲಿಲ್ಲ. ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಎಲೆ ಬಿಡಿಸತೊಡಗಿತು.

"ನಿನಗೆ ನನ್ನನ್ನು ನೋಡಿ ಪಾಪ ಅಂತ ಕಾಣ್ತದೆ, ಅದಕ್ಕೆ ಹೀಗೆ ಹೇಳ್ತಿ" ಎಂದರು.

"ಅಲ್ಲ ಅತ್ತಿಗೆ. ನಿಜ ಹೇಳ್ತಾ ಇದ್ದೇನೆ."

"ಎಂತ ನಿಜ ಮಾರಾಯ? ಪೆಟ್ಟಿಗೆ ಬಂದಿತ್ತು. ಕೆಂಪು. ನನ್ನ ಈ ಬೆರಳೇ ಒತ್ತಿದ್ದು." ತೋರುಬೆರಳನ್ನು ಎತ್ತಿ ತೋರಿಸಿದರು, ಅದಕ್ಕೆ ಬಸಳೆಯ ಲೋಳೆ ಅಂಟಿತ್ತು. "ನಾನು ನೋಡಿದ್ದು ನನಗೆ ಗೊತ್ತಿಲ್ವಾ? ನೀನು ಇದನ್ನೆಲ್ಲ ಆ ಡಾಕ್ಟ್ರ ಹತ್ರ ಹೇಳ್ಳಿಕ್ಕೆ ಹೋಗ್ಬೇಡ. ನಿನ್ನನ್ನೂ ಸ್ಕ್ಯಾನಿಗೆ ಮಲಗಿಸಿಯಾರು."

ಅವರು ನಕ್ಕರು. ಬಹಳ ದಿನಗಳ ಮೇಲೆ ಒಂದು ವಿಷಯವನ್ನು ಖಚಿತವಾಗಿ ಹೇಳಿದವರ ನೆಮ್ಮದಿ ಅದರಲ್ಲಿತ್ತು. ಅವರ ಬಳಿ ಸಂಶಯವಿಲ್ಲದೆ ಉಳಿದಿರುವ ನೆನಪು ಅದೊಂದೇ ಇರಬೇಕು. ನಾನು ಅದನ್ನೂ ಕಿತ್ತುಕೊಳ್ಳಲು ಹೋಗಿದ್ದೆ.

ಮುಂದಿನ ಸೋಮವಾರ ಮತ್ತೆ ಕ್ಲಿನಿಕ್ಕಿಗೆ ಹೋಗಲಿಕ್ಕಿದೆ. ನಾನು ಹೇಳುವವನಿದ್ದೇನೆ, ಅತ್ತಿಗೆಯ ಎದುರಿನಲ್ಲೇ. ಅವರು ಪೆಟ್ಟಿಗೆ ಬಂದಿತ್ತು ಎನ್ನುತ್ತಾರೆ, ನಾನು ಬರಲಿಲ್ಲ ಎನ್ನುತ್ತೇನೆ. ಡಾಕ್ಟರ್ ಇಬ್ಬರ ಮುಖವನ್ನೂ ನೋಡುತ್ತಾರೆ. ಆಮೇಲೆ ನನ್ನನ್ನೇ ನಂಬುತ್ತಾರೆ — ಓದಿದವನು, ಕಂಪ್ಯೂಟರಿನವನು, ಧ್ವನಿ ಏರಿಸದವನು. ನಾನು ಕೊಟ್ಟ ಆ ಮರೆವಿನಿಂದ ಅವರನ್ನು ಬಿಡಿಸಲು ನನಗೆ ಉಳಿದಿರುವುದು ಇದೊಂದೇ ದಾರಿ: ಇನ್ನೊಬ್ಬ ಡಾಕ್ಟರರ ಮುಂದೆ, ಅವರು ಪಕ್ಕದಲ್ಲಿ ಕುಳಿತು ಕೇಳುತ್ತಿರುವಾಗ, ಅವರ ನೆನಪು ಸರಿಯಿಲ್ಲ ಎಂದು ಮತ್ತೊಮ್ಮೆ ಹೇಳುವುದು.